ಮ್ಯಾಟ್ ಕೋಟ್ ಹೊಡೆದ ಮೇಲೆ ರೆಕ್ಕೆ ಬೆಳ್ಳಗಾಯ್ತು, ಡೆಕಾಲ್ ಕೆಳಗೆ ಬೆಳ್ಳಿ ಹೊಳಪು: ಉಳಿಸಿಕೊಳ್ಳೋದು ಹೇಗೆ?

ರೆಕ್ಕೆಮರಿ

ಎಲ್ಲರಿಗೂ ನಮಸ್ಕಾರ. 1:72 ಅಳತೆಯ (ನಿಜದ 72ರಲ್ಲಿ ಒಂದು ಪಾಲು) ಪ್ಲಾಸ್ಟಿಕ್ ಮಾಡೆಲ್ ವಿಮಾನ, ಸ್ಪಿಟ್‌ಫೈರ್ ಮಾರ್ಕ್ 5, ಮುಗಿಯೋ ಹಂತಕ್ಕೆ ಬಂದಿತ್ತು, ಕೊನೆಯ ಕೋಟ್‌ನಲ್ಲಿ ಕೆಟ್ಟಿದೆ. ಬೂದು-ಹಸಿರು ಬಣ್ಣ ಚೆನ್ನಾಗಿಯೇ ಕೂತಿತ್ತು. ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ, ಗುರುತು ಅಚ್ಚಾದ ತೆಳು ಫಿಲ್ಮ್) ಹಾಕಿ, ಒಣಗಿದ ಮೇಲೆ ಸ್ಪ್ರೇ ಕ್ಯಾನ್‌ನಿಂದ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಹೊಡೆದೆ. ಹೊಡೆಯುವಾಗ ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಎಡ ರೆಕ್ಕೆಯ ಮೇಲೆಲ್ಲ ಬೆಳ್ಳನೆಯ ಪೊರೆ ಎದ್ದಿತು. ಬಲ ರೆಕ್ಕೆಯಲ್ಲಿ ಅಲ್ಲಲ್ಲಿ ಮಾತ್ರ ಇದೆ. ಇದರ ಜೊತೆಗೆ ಒಡಲಿನ ಮೇಲಿರುವ ಸ್ಕ್ವಾಡ್ರನ್ ಅಕ್ಷರಗಳ ಸುತ್ತ, ಡೆಕಾಲ್‌ನ ಪಾರದರ್ಶಕ ಅಂಚು ಬೆಳಕಿಗೆ ಹಿಡಿದರೆ ಬೆಳ್ಳಗೆ ಹೊಳೆಯುತ್ತಿದೆ.

ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಒರೆಸಿಬಿಡಲಾ? ಇಲ್ಲಾ ಪೂರ್ತಿ ಬಣ್ಣ ತೆಗೆದು ಮೊದಲಿಂದ ಶುರು ಮಾಡಬೇಕಾ? ಈ ವಿಮಾನದ ಮೇಲೆ ತುಂಬಾ ಮನಸ್ಸಿಟ್ಟು ಕೂತಿದ್ದೆ, ದಯವಿಟ್ಟು ದಾರಿ ತೋರಿಸಿ.

ಮೂರನೇಕೋಟ್

ಒರೆಸಬೇಡಿ! ಮೊದಲು ಅದನ್ನು ಒಂದು ಡಬ್ಬದೊಳಗಿಟ್ಟು ಮುಚ್ಚಿ, ಕೈ ತೊಳೆದು ಬನ್ನಿ. ಈ ಹವ್ಯಾಸದಲ್ಲಿ ಹಾಳಾದ ಮಾಡೆಲ್‌ಗಳಲ್ಲಿ ಬಹುಪಾಲು ಮೊದಲ ತಪ್ಪಿನಿಂದ ಹಾಳಾದವಲ್ಲ, ಆ ತಪ್ಪನ್ನು ಹಸಿಯಾಗಿದ್ದಾಗಲೇ ಸರಿಮಾಡಲು ಹೋಗಿ ಹಾಳಾದವು.

ಫಿನಿಶ್ ಅಂದರೆ ಪದರಗಳು. ಕೆಳಗೆ ಪ್ಲಾಸ್ಟಿಕ್, ಮೇಲೆ ಪ್ರೈಮರ್, ಬಣ್ಣ, ಗ್ಲಾಸ್ (ಹೊಳಪಿನ ವಾರ್ನಿಷ್) ಕೋಟ್, ಡೆಕಾಲ್, ಕೊನೆಗೆ ಮ್ಯಾಟ್. ಯಾವ ಪದರದಲ್ಲಿ ಕೆಟ್ಟಿದೆ ಅಂತ ಮೊದಲು ಗೊತ್ತಾಗಬೇಕು. ಅಲ್ಲಿಯವರೆಗೆ ಮಾತ್ರ ಇಳಿಯಬೇಕು, ಅದಕ್ಕಿಂತ ಕೆಳಗೆ ಒಂದು ಕೂದಲೆಳೆಯಷ್ಟೂ ಇಳಿಯಬಾರದು. ನಿಮ್ಮದು ಎರಡು ಬೇರೆ ಬೇರೆ ತೊಂದರೆ, ಬೇರೆ ಬೇರೆ ಪದರದಲ್ಲಿವೆ. ಹಾಗಾಗಿ ಒಂದೇ ಮದ್ದು ಎರಡಕ್ಕೂ ಆಗೋದಿಲ್ಲ.

ಇವಿಷ್ಟು ಹೇಳಿ: ಬಣ್ಣ ಯಾವ ಬಗೆಯದು, ಅಕ್ರಿಲಿಕ್ಕೋ ಎನಾಮಲ್ಲೋ ಲ್ಯಾಕರ್ರೋ? ಡೆಕಾಲ್‌ಗೆ ಮುಂಚೆ ಗ್ಲಾಸ್ ಕೋಟ್ ಹೊಡೆದಿದ್ದಿರಾ? ವಾರ್ನಿಷ್ ಲ್ಯಾಕರ್ ಬಗೆಯದಾ? ಆವತ್ತು ಹವೆ ಹೇಗಿತ್ತು?

ರೆಕ್ಕೆಮರಿ

ಬಣ್ಣ ಆಲ್ಕೋಹಾಲ್ ಥಿನ್ನರ್ ಹಾಕುವ ಅಕ್ರಿಲಿಕ್. ವಾರ್ನಿಷ್ ಲ್ಯಾಕರ್. ಆವತ್ತು ಬೆಳಗಿನಿಂದ ಮಳೆ ಹಿಡಿದಿತ್ತು, ಕಿಟಕಿ ತೆರೆದಿಟ್ಟುಕೊಂಡೇ ಹೊಡೆದೆ. ಗ್ಲಾಸ್ ಕೋಟ್ ರೆಕ್ಕೆಗೆ ಹೊಡೆದಿದ್ದೆ, ಒಡಲಿಗೆ ತೆಳುವಾಗಿ ಒಂದು ಸಲ ಮಾತ್ರ.

ಮೂರನೇಕೋಟ್

ಹಾಗಾದರೆ ರೆಕ್ಕೆಯದು ತೇವದ ಕೆಲಸ. ಲ್ಯಾಕರ್‌ನ ದ್ರಾವಕ ಬೇಗ ಆವಿಯಾಗುತ್ತದೆ. ಆವಿಯಾಗುವಾಗ ಮೇಲ್ಮೈಯ ಶಾಖವನ್ನೂ ಎಳೆದುಕೊಂಡು ಹೋಗುತ್ತದೆ. ಕ್ಯಾನ್‌ನಿಂದ ಬರುವ ಅನಿಲವೂ ತಣ್ಣಗಿರುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದ ದಿನ ಆ ತಂಪು ಮೇಲ್ಮೈ ಮೇಲೆ ನೀರಿನ ಸಣ್ಣ ಹನಿಗಳು ಕೂತು, ಒಣಗುತ್ತಿರುವ ವಾರ್ನಿಷ್‌ನೊಳಗೇ ಸಿಕ್ಕಿಹಾಕಿಕೊಳ್ಳುತ್ತವೆ. ಬೆಳಕು ಅಲ್ಲಿ ಚದುರುತ್ತದೆ, ನಮಗೆ ಬಿಳಿ ಕಾಣುತ್ತದೆ. ಬಣ್ಣಕ್ಕೆ ಏನೂ ಆಗಿರುವುದಿಲ್ಲ.

ಆದರೆ ಮ್ಯಾಟ್ ವಾರ್ನಿಷ್ ಬೆಳ್ಳಗಾಗೋದಕ್ಕೆ ಇನ್ನೊಂದು ಕಾರಣವೂ ಇದೆ. ಮ್ಯಾಟ್ ಅನ್ನಿಸುವುದು ಅದರೊಳಗಿನ ನುಣ್ಣನೆಯ ಸಿಲಿಕಾ ಪುಡಿಯಿಂದ. ಕ್ಯಾನ್ ಚೆನ್ನಾಗಿ ಅಲುಗಾಡಿಸದಿದ್ದರೆ, ದಪ್ಪವಾಗಿ ಹೊಡೆದರೆ, ಅಥವಾ ತುಂಬಾ ದೂರದಿಂದ ಹೊಡೆದು ವಾರ್ನಿಷ್ ಗಾಳಿಯಲ್ಲೇ ಅರೆ ಒಣಗಿ ಬಿದ್ದರೆ ಆ ಪುಡಿ ಮೇಲೇ ಕೂರುತ್ತದೆ. ಪತ್ತೆ ಹಚ್ಚೋದು ಸುಲಭ. ಪೂರ್ತಿ ಒಣಗಿದ ಮೇಲೆ ಬೆಳ್ಳಗಾದ ಜಾಗಕ್ಕೆ ಕುಂಚದ ತುದಿಯಿಂದ ಒಂದು ಹನಿ ನೀರು ಇಡಿ. ನೀರಿದ್ದಾಗ ಬಿಳಿ ಮಾಯವಾಗಿ, ಆರಿದ ಮೇಲೆ ಮತ್ತೆ ಬಂದರೆ ಅದು ಮೇಲ್ಮೈಯ ಒರಟುತನ, ಅಂದರೆ ಪುಡಿ. ಅದರ ಮೇಲೊಂದು ಗ್ಲಾಸ್ ಕೋಟ್ ಬಿದ್ದರೆ ಆ ಒರಟು ತುಂಬಿಕೊಂಡು ಬಿಳಿ ಹೋಗುತ್ತದೆ. ನೀರಿಟ್ಟರೂ ಬಿಳಿ ಹಾಗೇ ಕಂಡರೆ ತೇವ ಒಳಗಿದೆ.

ರೆಕ್ಕೆಮರಿ

ನೀರಿಟ್ಟು ನೋಡಿದೆ. ಎಡ ರೆಕ್ಕೆಯಲ್ಲಿ ಬಿಳಿ ಹಾಗೇ ಇದೆ. ಬಲ ರೆಕ್ಕೆಯ ತುದಿಯಲ್ಲಿ ಮಾತ್ರ ಮಾಯವಾಗಿ ಮತ್ತೆ ಬಂತು.

ಮೂರನೇಕೋಟ್

ಎರಡೂ ಇದೆ ಹಾಗಾದರೆ. ಬಲ ತುದಿಗೆ ಗ್ಲಾಸ್ ಸಾಕು. ಎಡ ರೆಕ್ಕೆಗೆ, ಒಣ ಹವೆಯ ದಿನ ನೋಡಿಕೊಂಡು, ನಿಧಾನವಾಗಿ ಆರುವ ಲೆವೆಲಿಂಗ್ ಥಿನ್ನರನ್ನು ಏನೂ ಬೆರೆಸದೆ ಏರ್‌ಬ್ರಷ್‌ನಲ್ಲಿ (ಗಾಳಿಯಿಂದ ಬಣ್ಣ ಸಿಂಪಡಿಸುವ ಸಣ್ಣ ಗನ್) ಮಂಜಿನಂತೆ ಒಮ್ಮೆ ಹಾಯಿಸಿ. ಆರುವುದನ್ನು ನಿಧಾನಗೊಳಿಸುವ ರಿಟಾರ್ಡರ್ ಇರುವ ಆ ಥಿನ್ನರ್ ವಾರ್ನಿಷ್ ಪದರವನ್ನು ಮತ್ತೆ ಸ್ವಲ್ಪ ಸಡಿಲಗೊಳಿಸುತ್ತದೆ, ಸಿಕ್ಕಿಕೊಂಡ ತೇವ ಹೊರಗೆ ಹೋಗುತ್ತದೆ. ಒದ್ದೆಯಾಗುವಷ್ಟು ಹೊಡೆಯಬೇಡಿ. ಮೇಲ್ಮೈ ತುಸು ಮಿನುಗಿದರೆ ಸಾಕು, ನಿಲ್ಲಿಸಿ.

ನೀರುಡೆಕಾಲ್

ಮೂರನೇಕೋಟ್ ಸರ್, ಇಲ್ಲಿ ನನ್ನ ತಕರಾರಿದೆ. ಎಡ ರೆಕ್ಕೆಯ ಮೇಲೆ ರೌಂಡಲ್ (ವಾಯುಪಡೆಯ ವೃತ್ತಾಕಾರದ ಗುರುತು) ಡೆಕಾಲ್ ಇದೆ. ಮಧ್ಯೆ ಇರುವುದು ಒಂದು ತೆಳು ಮ್ಯಾಟ್ ಪದರ ಅಷ್ಟೇ. ಲ್ಯಾಕರ್ ಥಿನ್ನರ್ ಅದನ್ನು ದಾಟಿ ಡೆಕಾಲ್ ಮುಟ್ಟಿದರೆ ಫಿಲ್ಮ್ ಸುಕ್ಕಾಗುತ್ತದೆ, ಕೆಲವು ಡೆಕಾಲ್‌ಗಳ ಶಾಯಿಯೂ ಕದಡುತ್ತದೆ. ಸುಕ್ಕಾದ ರೌಂಡಲ್‌ಗೆ ಆಮೇಲೆ ಮದ್ದಿಲ್ಲ. ರೌಂಡಲ್ ಮೇಲೆ ಅದರ ಅಳತೆಗೆ ವೃತ್ತಾಕಾರದ ಕಾಗದದ ತುಂಡನ್ನು ಅಂಟಿಸದೆ, ತುಸು ಎತ್ತರದಲ್ಲಿ ಹಿಡಿದು ಮರೆಮಾಡಿ, ಸುತ್ತಲಿನ ಬಣ್ಣದ ಮೇಲೆ ಮಾತ್ರ ಥಿನ್ನರ್ ಬೀಳಲಿ. ರೌಂಡಲ್ ಮೇಲಿನ ಬಿಳಿಗೆ ಬೇರೆ ದಾರಿ ನೋಡೋಣ.

ಮೂರನೇಕೋಟ್

ನಿಮ್ಮ ಮಾತು ಸರಿ, ಮರೆಮಾಡಿಯೇ ಹೊಡೆಯಲಿ. ಇನ್ನೊಂದು ಮಾತು: ಮೊದಲು ರೆಕ್ಕೆಯ ಅಡಿಭಾಗದಲ್ಲಿ, ಡೆಕಾಲ್ ಇಲ್ಲದ ಜಾಗದಲ್ಲಿ ಪರೀಕ್ಷೆ ಮಾಡಿ. ಇದು ಬರೀ ಔಪಚಾರಿಕ ಎಚ್ಚರಿಕೆ ಅಲ್ಲ. ಆಲ್ಕೋಹಾಲ್ ಬಗೆಯ ಅಕ್ರಿಲಿಕ್ ಬಣ್ಣವನ್ನು ಲ್ಯಾಕರ್ ಥಿನ್ನರ್ ಕರಗಿಸುತ್ತದೆ. ಕೆಳಗಿನ ಗ್ಲಾಸ್ ಕೋಟ್ ತೆಳುವಾಗಿದ್ದರೆ ಹಸಿರು-ಬೂದು ಒಂದಕ್ಕೊಂದು ಹರಿದುಬಿಡಬಹುದು.

ಹಳೇಕಿಟ್

ಇದಕ್ಕೇ ನಾನು ಹೊಸಬರಿಗೆ ಹೇಳೋದು, ಬಣ್ಣದ ಮೇಲೆ ಒಂದು ಒಳ್ಳೆಯ ಗ್ಲಾಸ್ ಕೋಟ್ ಹೊಡೆದು ಎರಡು ದಿನ ಮುಟ್ಟಬೇಡಿ ಅಂತ. ಅದು ಹೊಳಪಿಗಾಗಿ ಅಲ್ಲ, ಗೋಡೆಗಾಗಿ. ಅದರ ಮೇಲೆ ಏನೇ ಕೆಟ್ಟರೂ ಆ ಗೋಡೆಯವರೆಗೆ ಇಳಿದು ನಿಲ್ಲಬಹುದು. ಯಾವುದರ ಮೇಲೆ ಯಾವುದು ಅನ್ನುವುದೂ ಮುಖ್ಯ. ಲ್ಯಾಕರ್ ಎಲ್ಲಕ್ಕಿಂತ ಬಿಸಿ, ಅಂದರೆ ಕೆಳಗಿರುವುದನ್ನು ಕಚ್ಚುವ ಶಕ್ತಿ ಅದಕ್ಕೆ ಹೆಚ್ಚು. ಒಣಗದ ಎನಾಮಲ್ ಮೇಲೆ ಲ್ಯಾಕರ್ ಹೊಡೆದರೆ ಬಣ್ಣ ಬಿರುಕು ಬಿಟ್ಟು ಬಲೆಯಂತಾಗುತ್ತದೆ. ಆ ಬಿರುಕಿಗೆ ತೇಪೆ ಹಾಕಲು ಆಗುವುದೇ ಇಲ್ಲ, ಆ ಭಾಗದ ಬಣ್ಣ ಪೂರ್ತಿ ತೆಗೆಯಬೇಕು. ಎನಾಮಲ್ ಒಣಗಿದೆಯೇ ಅಂತ ತಿಳಿಯಲು ಮೂಗಿನ ಹತ್ತಿರ ಹಿಡಿಯಿರಿ. ವಾಸನೆ ಇದ್ದರೆ ಇನ್ನೂ ಒಣಗಿಲ್ಲ.

ನೀರುಡೆಕಾಲ್

ಈಗ ರೆಕ್ಕೆಮರಿಯವರ ಅಕ್ಷರಗಳ ವಿಚಾರ. ಬೆಳ್ಳಿ ಹೊಳಪು ಅನ್ನುವುದು ಡೆಕಾಲ್‌ನ ದೋಷ ಅಲ್ಲ, ಅದರ ಕೆಳಗಿನ ಗಾಳಿಯದು. ಒಡಲಿನ ಮೇಲೆ ಗ್ಲಾಸ್ ತೆಳುವಾಗಿದ್ದರಿಂದ ಬಣ್ಣದ ಒರಟು ಹಾಗೇ ಉಳಿದಿದೆ. ಡೆಕಾಲ್ ಫಿಲ್ಮ್ ಆ ಒರಟಿನ ದಿಣ್ಣೆಗಳ ಮೇಲೆ ಕೂತಿದೆ, ತಗ್ಗುಗಳಲ್ಲಿ ಗಾಳಿ ಉಳಿದಿದೆ. ಬೆಳಕು ಆ ಗಾಳಿಯಿಂದ ಹಿಂದಕ್ಕೆ ಬರುತ್ತದೆ. ಅಕ್ಷರದ ಬಣ್ಣದ ಭಾಗದಲ್ಲೂ ಗಾಳಿ ಇರುತ್ತದೆ, ಶಾಯಿ ಅದನ್ನು ಮುಚ್ಚಿದೆ ಅಷ್ಟೇ. ಅದಕ್ಕೇ ಅಂಚಿನ ಪಾರದರ್ಶಕ ಫಿಲ್ಮ್‌ನಲ್ಲಿ ಮಾತ್ರ ಎದ್ದು ಕಾಣುತ್ತದೆ.

ಮಾಡಬೇಕಾದ್ದು ಒಂದೇ. ಗಾಳಿಗೆ ಹೊರಬರಲು ದಾರಿ, ಸಾಫ್ಟ್ನರ್‌ಗೆ (ಫಿಲ್ಮ್ ಮೆತ್ತಗೆ ಮಾಡುವ ದ್ರವ) ಒಳಹೋಗಲು ದಾರಿ. ಹೊಸ ಬ್ಲೇಡ್ ತೆಗೆದುಕೊಳ್ಳಿ, ಹಳೆಯದರಲ್ಲಿ ಬೇಡ. ಮೊಂಡು ತುದಿ ಫಿಲ್ಮನ್ನು ಚುಚ್ಚುವುದಿಲ್ಲ, ಎಳೆದು ಹರಿಯುತ್ತದೆ. ದೀಪವನ್ನು ಪಕ್ಕದಿಂದ ಬೀಳುವ ಹಾಗೆ ಇಟ್ಟು, ಬೆಳ್ಳಗೆ ಹೊಳೆಯುವ ಕಡೆಯಲ್ಲೆಲ್ಲ ತುದಿಯಿಂದ ಹತ್ತಿರ ಹತ್ತಿರ ಚುಚ್ಚಿ. ಪ್ಯಾನೆಲ್ ಗೆರೆ (ವಿಮಾನದ ಮೈಯ ಹಾಳೆಗಳು ಸೇರುವ ಕಡೆಯ ಗೆರೆ) ಡೆಕಾಲ್ ಕೆಳಗೆ ಹಾದುಹೋಗಿದ್ದರೆ ಗೆರೆಯುದ್ದಕ್ಕೂ ಕೊಯ್ಯಿರಿ. ಆಮೇಲೆ ಸಣ್ಣ ಕುಂಚದಲ್ಲಿ ಸಾಫ್ಟ್ನರ್ ಮುಟ್ಟಿಸಿ. ಅದು ತೂತಿನೊಳಗೆ ತಾನಾಗಿ ಎಳೆದುಕೊಂಡು ಹೋಗಿ, ಬೆಳ್ಳಗಿದ್ದದ್ದು ಕಣ್ಣೆದುರೇ ಕಪ್ಪಾಗುತ್ತಾ ಹರಡುವುದು ಕಾಣುತ್ತದೆ. ಫಿಲ್ಮ್ ಸುಕ್ಕಾದ ಹಾಗೆ ಕಂಡರೆ ಹೆದರಬೇಡಿ, ಬೆರಳಂತೂ ಇಡಲೇಬೇಡಿ. ಆರುತ್ತಾ ಅದೇ ಚಪ್ಪಟೆಯಾಗುತ್ತದೆ. ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ, ಉಳಿದ ಕಡೆ ಮತ್ತೆ ಚುಚ್ಚಿ.

ನಿಮ್ಮಲ್ಲಿ ಈಗ ಮೇಲೆ ಮ್ಯಾಟ್ ಪದರ ಇರುವುದರಿಂದ ತೂತು ಮಾಡದೆ ಸಾಫ್ಟ್ನರ್ ಹಚ್ಚಿ ಪ್ರಯೋಜನವಿಲ್ಲ, ಮೇಲೇ ಒಣಗಿಹೋಗುತ್ತದೆ. ಅಂದ ಹಾಗೆ ಮೈಕ್ರೋ ಸೆಟ್, ಮೈಕ್ರೋ ಸಾಲ್ ಎರಡನ್ನೂ ಒಂದೇ ಅಂದುಕೊಳ್ಳುವವರು ಬಹಳ. ಸೆಟ್ ಡೆಕಾಲ್‌ಗೆ ಮುಂಚೆ ಮೇಲ್ಮೈಗೆ ಹಚ್ಚುವುದು, ವಿನಿಗರ್ ವಾಸನೆ ಬರುತ್ತದೆ, ಅಂಟಿಕೊಳ್ಳಲು ಸಹಾಯ ಮಾಡುತ್ತದೆ. ಫಿಲ್ಮನ್ನು ಮೆತ್ತಗೆ ಮಾಡುವುದು ಸಾಲ್. ನಿಮಗೆ ಬೇಕಾದದ್ದು ಸಾಲ್.

ಬೆಳ್ಳಿಮೈ

ನೀರುಡೆಕಾಲ್ ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಎಷ್ಟೇ ಚುಚ್ಚಿದರೂ ಬಿಡದ ಒಂದೆರಡು ಚುಕ್ಕಿ ಉಳಿದರೆ, ಕೆಳಗಿನ ಬಣ್ಣವನ್ನೇ ತುಂಬಾ ತೆಳು ಮಾಡಿ ಆ ತೂತಿನ ಬಾಯಿಗೆ ಮುಟ್ಟಿಸಿ. ಗಾಳಿ ಇದ್ದ ಜಾಗಕ್ಕೆ ಬಣ್ಣವೇ ಹೋಗಿ ಕೂರುತ್ತದೆ. ಸಣ್ಣ ಸ್ಟೆನ್ಸಿಲ್ (ಸೂಚನೆಯ ಪುಟ್ಟ ಬರಹದ ಡೆಕಾಲ್) ಆಗಿದ್ದರೆ ಇಷ್ಟೆಲ್ಲ ಕಷ್ಟಪಡದೆ ಟೇಪ್ ಒತ್ತಿ ಕಿತ್ತು ಹೊಸದು ಹಾಕುವುದೇ ಮೇಲು. ನಾನಂತೂ ಕೋಡ್ ಅಕ್ಷರಗಳ ಸುತ್ತಲಿನ ಖಾಲಿ ಫಿಲ್ಮನ್ನು ನೀರಿಗೆ ಹಾಕುವ ಮುಂಚೆಯೇ ಕತ್ತರಿಸಿಬಿಡುತ್ತೇನೆ. ಇಲ್ಲದ ಫಿಲ್ಮ್ ಹೊಳೆಯಲಾರದು.

ಕಾಕ್‌ಪಿಟ್‌ಕಿಟಕಿ

ಇದೇ ಎಳೆಯಲ್ಲಿ ನನ್ನದನ್ನೂ ಕೇಳಬಹುದಾ? ಕ್ಯಾನಪಿ (ಪೈಲಟ್ ಜಾಗದ ಪಾರದರ್ಶಕ ಮುಚ್ಚಳ) ಸೂಪರ್‌ಗ್ಲೂನಲ್ಲಿ ಕೂರಿಸಿದೆ. ಮಾರನೇ ದಿನ ನೋಡಿದರೆ ಒಳಗೆಲ್ಲ ಬೆಳ್ಳನೆಯ ಮಬ್ಬು. ಅದರಲ್ಲಿ ನನ್ನ ಬೆರಳಚ್ಚು ಗೆರೆ ಗೆರೆಯಾಗಿ ಮೂಡಿದೆ. ಒಳಗೆ ಪೈಲಟ್ ಸೀಟು, ಬೆಲ್ಟು ಎಲ್ಲ ಮಾಡಿದ್ದೆ, ಏನೂ ಕಾಣುತ್ತಿಲ್ಲ.

ಹಳೇಕಿಟ್

ಸೂಪರ್‌ಗ್ಲೂ ಗಟ್ಟಿಯಾಗುವಾಗ ಅದರ ಆವಿ ಹೊರಬರುತ್ತದೆ. ಮುಚ್ಚಿದ ಜಾಗದಲ್ಲಿ ಅದು ಎಲ್ಲಿ ತೇವ, ಬೆವರು, ಎಣ್ಣೆ ಇದೆಯೋ ಅಲ್ಲಿಯೇ ಕೂತು ಬೆಳ್ಳಗೆ ಗಟ್ಟಿಯಾಗುತ್ತದೆ. ಅಪರಾಧದ ಸ್ಥಳದಲ್ಲಿ ಬೆರಳಚ್ಚು ತೆಗೆಯಲು ಇದೇ ಗುಣವನ್ನು ಬಳಸುತ್ತಾರೆ, ಹಾಗಾಗಿ ನಿಮ್ಮ ಬೆರಳಚ್ಚು ಅಷ್ಟು ಸ್ಪಷ್ಟವಾಗಿ ಮೂಡಿದ್ದರಲ್ಲಿ ಆಶ್ಚರ್ಯವಿಲ್ಲ.

ಕ್ಯಾನಪಿ ಬಿಡಿಸಲೇಬೇಕು. ಸೂಪರ್‌ಗ್ಲೂ ಎಳೆತಕ್ಕೆ ಗಟ್ಟಿ, ಪಕ್ಕದ ಏಟಿಗೆ ದುರ್ಬಲ. ಅಂಚಿನಲ್ಲಿ ತೆಳು ಬ್ಲೇಡ್ ತುದಿ ಇಟ್ಟು ಪಕ್ಕಕ್ಕೆ ಮೆಲ್ಲಗೆ ತಿರುವಿದರೆ ಟಪ್ಪೆಂದು ಬಿಡುತ್ತದೆ. ಮೇಲಕ್ಕೆ ಮೀಟಬೇಡಿ, ಪಾರದರ್ಶಕ ಪ್ಲಾಸ್ಟಿಕ್ ಸೀಳುತ್ತದೆ. ಅಸಿಟೋನ್ ಹತ್ತಿರವೂ ತರಬೇಡಿ. ಸೂಪರ್‌ಗ್ಲೂ ಬಿಡಿಸುವುದು ನಿಜ, ಅದರ ಜೊತೆಗೆ ಕ್ಯಾನಪಿಯನ್ನೂ ಕರಗಿಸುತ್ತದೆ.

ಬಿಡಿಸಿದ ಮೇಲೆ, ಮಬ್ಬು ತೆಳುವಾಗಿದ್ದರೆ ಅಕ್ರಿಲಿಕ್ ಗ್ಲಾಸ್ ವಾರ್ನಿಷ್‌ನಲ್ಲಿ ಮುಳುಗಿಸಿ ತೆಗೆದರೆ ಸಾಕು. ಹಿಂದೆಲ್ಲ ಇದಕ್ಕೆ ನೆಲಕ್ಕೆ ಹಚ್ಚುವ ಅಕ್ರಿಲಿಕ್ ಪಾಲಿಶ್ ಬಳಸುತ್ತಿದ್ದರು. ಅಂಚನ್ನು ಟಿಶ್ಯೂಗೆ ಮುಟ್ಟಿಸಿ ಹೆಚ್ಚಿನದು ಇಳಿದುಹೋಗಲಿ, ಧೂಳು ಬೀಳದ ಹಾಗೆ ಬಟ್ಟಲು ಮುಚ್ಚಿ ಒಂದು ದಿನ ಬಿಡಿ. ಒಳಗೆ ಗುಳ್ಳೆ ಬಂದರೆ ಅಮೋನಿಯಾ ಇರುವ ಗಾಜು ಒರೆಸುವ ದ್ರವದಲ್ಲಿ ಅದ್ದಿದರೆ ಪದರ ಕರಗಿಹೋಗುತ್ತದೆ, ಮತ್ತೆ ಮುಳುಗಿಸಬಹುದು.

ದಪ್ಪ ಮಬ್ಬಾಗಿದ್ದರೆ ಉಜ್ಜಬೇಕು. 2000 ನಂಬರಿನ ಮರಳುಕಾಗದದಿಂದ ಶುರು (ನಂಬರ್ ಹೆಚ್ಚಿದಷ್ಟೂ ನುಣುಪು), ನೀರು ಹಾಕಿಕೊಂಡು. ಆಮೇಲೆ 3000, 4000, 6000, 8000, 12000 ಹೀಗೆ ಏರುತ್ತಾ ಹೋಗಿ. ಪ್ರತಿ ಸಲ ದಿಕ್ಕು ಬದಲಿಸಿ. ಮೊದಲು ಉದ್ದಕ್ಕೆ ಉಜ್ಜಿದ್ದರೆ ಮುಂದಿನದು ಅಡ್ಡಕ್ಕೆ. ಹಿಂದಿನ ಕಾಗದದ ಗೀರು ಒಂದೂ ಉಳಿಯದ ತನಕ ಮುಂದಿನದಕ್ಕೆ ಹೋಗಬಾರದು. ಮೊದಲ ಕಾಗದ ಮುಟ್ಟಿದಾಗ ಕ್ಯಾನಪಿ ಪೂರ್ತಿ ಬೆಳ್ಳಗಾಗಿ ಎದೆ ಧಸಕ್ಕೆನ್ನುತ್ತದೆ. 8000 ದಾಟಿದ ಮೇಲೆ ಮತ್ತೆ ಬೆಳಕು ಹಾಯಲು ಶುರುವಾಗುತ್ತದೆ. ಕೊನೆಗೆ ಪ್ಲಾಸ್ಟಿಕ್ ಪಾಲಿಶ್, ಆಮೇಲೆ ಮುಳುಗು. ಬೆರಳಿನ ಒತ್ತಡ ಕಡಿಮೆ ಇರಲಿ, ಕ್ಯಾನಪಿಯೊಳಗೆ ನೀಲಿ ಟ್ಯಾಕ್ (ಕಣಕದಂಥ ಮೆತ್ತನೆಯ ಅಂಟು) ತುಂಬಿ ಆಧಾರ ಕೊಟ್ಟುಕೊಳ್ಳಿ.

ಕಾಕ್‌ಪಿಟ್‌ಕಿಟಕಿ

ತುಂಬಾ ಧನ್ಯವಾದ ಸರ್. ಟೂತ್‌ಪೇಸ್ಟ್‌ನಲ್ಲಿ ಉಜ್ಜಿದರೂ ಆಗುತ್ತದೆ ಅಂತ ಎಲ್ಲೋ ಓದಿದ್ದೆ. ಮತ್ತೆ ಕೂರಿಸುವಾಗ ಯಾವ ಅಂಟು?

ಹಳೇಕಿಟ್

ಟೂತ್‌ಪೇಸ್ಟ್‌ಗಳಲ್ಲಿ ಪುಡಿಯ ಗಾತ್ರ ಒಂದೊಂದರಲ್ಲಿ ಒಂದೊಂದು ಥರ. ಕೆಲವು ಹೊಳಪು ತರುತ್ತವೆ, ಕೆಲವು ಗೀರು ಹಾಕುತ್ತವೆ. ಇಷ್ಟು ಉಜ್ಜಿದ ಮೇಲೆ ಅದನ್ನು ನಂಬಿ ಕೂರುವುದು ಬೇಡ. ಕೂರಿಸಲು ಬಿಳಿ ಪಿವಿಎ ಅಂಟು. ಆರಿದರೆ ಪಾರದರ್ಶಕ, ಆವಿ ಬರುವುದಿಲ್ಲ, ಹೆಚ್ಚಾದದ್ದು ಒದ್ದೆ ಕುಂಚದಲ್ಲಿ ಹೋಗುತ್ತದೆ. ಸಣ್ಣ ಸಂದಿಯನ್ನೂ ಅದೇ ತುಂಬುತ್ತದೆ.

ಅಡ್ಡಗಾಳಿ

ನನ್ನ ಕಷ್ಟ ಟೇಪಿನದು. 1:48 ಮಾಡೆಲ್. ಮಾಸ್ಕಿಂಗ್ ಟೇಪ್ ತೆಗೆಯುವಾಗ ರೆಕ್ಕೆ ಬುಡದಲ್ಲಿ ಬಣ್ಣ ಪ್ರೈಮರ್ ಸಮೇತ ಎದ್ದು ಬಂತು, ಕೆಳಗಿನ ಪ್ಲಾಸ್ಟಿಕ್ ಕಾಣುತ್ತಿದೆ. ಅದೇ ಟೇಪಿನ ಇನ್ನೊಂದು ತುದಿಯಲ್ಲಿ ಬಣ್ಣ ಒಳಗೆ ನುಸುಳಿದೆ. ಒಂದೇ ಟೇಪು, ಎರಡು ಥರ ತೊಂದರೆ.

ಮೂರನೇಕೋಟ್

ಪ್ರೈಮರ್ ಸಮೇತ ಎದ್ದಿದೆ ಅಂದರೆ ಟೇಪಿನದು ಕಡಿಮೆ ದೋಷ, ಪ್ಲಾಸ್ಟಿಕ್ ಮೇಲೆ ಎಣ್ಣೆಯಂಶ ಇತ್ತು. ಅಚ್ಚಿನಿಂದ ಬಿಡಿಸಲು ಬಳಸುವ ದ್ರವ ಇರಬಹುದು, ಕೈಯ ಜಿಡ್ಡಿರಬಹುದು. ಕಟ್ಟುವ ಮುಂಚೆ ಪಾತ್ರೆ ತೊಳೆಯುವ ಸೋಪಿನಲ್ಲಿ ಬಿಡಿಭಾಗ ತೊಳೆಯುವುದು, ಪ್ರೈಮರ್‌ಗೆ ಮುಂಚೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸುವುದು ಇದಕ್ಕೇ. ಇನ್ನೊಂದು, ಅಕ್ರಿಲಿಕ್ ಪ್ರೈಮರ್ ಪ್ಲಾಸ್ಟಿಕ್ ಮೇಲೆ ಬರೀ ಕೂರುತ್ತದೆ, ಲ್ಯಾಕರ್ ಪ್ರೈಮರ್ ಕಚ್ಚಿಕೊಳ್ಳುತ್ತದೆ.

ಈಗ ಆ ಗುಂಡಿಯನ್ನು ಹಾಗೇ ಬಣ್ಣದಿಂದ ತುಂಬಲು ಹೋಗಬೇಡಿ. ಅಂಚು ಮೆಟ್ಟಿಲಾಗಿ ಉಳಿಯುತ್ತದೆ. ನೆನಪಿರಲಿ, 1:48ರಲ್ಲಿ 0.2 ಮಿ.ಮೀ. ಅಂದರೆ ನಿಜವಾದ ವಿಮಾನದಲ್ಲಿ ಹತ್ತಿರ ಹತ್ತಿರ 10 ಮಿ.ಮೀ. ಅಷ್ಟು ದಪ್ಪದ ಬಣ್ಣದ ಅಂಚು ಯಾವ ವಿಮಾನದ ಮೇಲೂ ಇರುವುದಿಲ್ಲ. ಎದ್ದಿರುವ ಅಂಚಿನ ಮೇಲೆ ಮತ್ತೊಮ್ಮೆ ಟೇಪ್ ಒತ್ತಿ, ಬರಬೇಕಾದ್ದೆಲ್ಲ ಬಂದುಬಿಡಲಿ. ಆಮೇಲೆ 1000, 1500, 2000 ಒದ್ದೆ ಕಾಗದದಲ್ಲಿ ಅಂಚನ್ನು ಇಳಿಜಾರು ಮಾಡಿ. ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿ. ಮೆಟ್ಟಿಲು ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ. ಏನೂ ಸಿಗದಿದ್ದಾಗ ಆ ಜಾಗಕ್ಕೆ ಮಾತ್ರ ಪ್ರೈಮರ್, ಆಮೇಲೆ ಬಣ್ಣ, ತೆಳು ತೆಳು ಕೋಟ್‌ಗಳಲ್ಲಿ ಸುತ್ತಲಿನ ಬಣ್ಣಕ್ಕೆ ಬೆರೆಸುತ್ತಾ. ಸಾಧ್ಯವಿದ್ದರೆ ಪಕ್ಕದ ಪ್ಯಾನೆಲ್ ಗೆರೆಯವರೆಗೆ ಹೋಗಿ ನಿಲ್ಲಿಸಿ. ಅಲ್ಲಿ ಬಣ್ಣದ ಸಣ್ಣ ವ್ಯತ್ಯಾಸ ಕಣ್ಣಿಗೆ ಸಹಜ ಅನ್ನಿಸುತ್ತದೆ.

ನುಸುಳಿದ ಬಣ್ಣ ಇನ್ನೂ ತೀರಾ ಗಟ್ಟಿಯಾಗಿರದಿದ್ದರೆ, ಹಲ್ಲುಕಡ್ಡಿಯ ತುದಿಯನ್ನು ಥಿನ್ನರ್‌ನಲ್ಲಿ ತುಸು ತೇವ ಮಾಡಿ ಮೇಲೆ ಮೇಲೆ ಎಬ್ಬಿಸಬಹುದು. ಗಟ್ಟಿಯಾಗಿದ್ದರೆ ಹೊಸ ಬ್ಲೇಡನ್ನು ನೆಟ್ಟಗೆ ಹಿಡಿದು, ಕೊಯ್ಯದೆ ಹೆರೆಯಿರಿ.

ಬೆಳ್ಳಿಮೈ

ಮುಂದಿನ ಸಲಕ್ಕೆ: ಟೇಪ್ ಹಚ್ಚಿದ ಮೇಲೆ ಅದರ ಅಂಚಿಗೆ ಮೊದಲು ಕೆಳಗಿನ ಬಣ್ಣವನ್ನೇ, ಅಥವಾ ಬಣ್ಣವಿಲ್ಲದ ವಾರ್ನಿಷನ್ನು ತೆಳುವಾಗಿ ಹೊಡೆಯಿರಿ. ನುಸುಳುವುದಿದ್ದರೆ ಅದೇ ನುಸುಳಿ ಸಂದಿ ಮುಚ್ಚಿಕೊಳ್ಳುತ್ತದೆ, ಎರಡನೇ ಬಣ್ಣಕ್ಕೆ ಜಾಗವೇ ಇರುವುದಿಲ್ಲ. ತೆಗೆಯುವಾಗ ಟೇಪನ್ನು ಮೇಲಕ್ಕೆ ಎಳೆಯದೆ ಅದರ ಮೇಲೆಯೇ ಮಡಚಿಕೊಂಡು ಬರುವ ಹಾಗೆ ನಿಧಾನವಾಗಿ ತನ್ನಿ.

ನುಸುಳಿದ್ದನ್ನೆಲ್ಲ ಸರಿಮಾಡಲೇಬೇಕು ಅಂತಲೂ ಇಲ್ಲ. 1944ರ ಜೂನ್ ಮೊದಲ ವಾರದಲ್ಲಿ ನಾರ್ಮಂಡಿ ದಾಳಿಗೆ ಮುಂಚೆ ಮಿತ್ರಪಡೆಗಳ ವಿಮಾನಗಳಿಗೆ ಕಪ್ಪು-ಬಿಳಿ ಪಟ್ಟಿಗಳನ್ನು ಅವಸರದಲ್ಲಿ ಬಳಿದರು, ಎಷ್ಟೋ ಕಡೆ ಕೈಕುಂಚದಲ್ಲೇ. ಹಳೆಯ ಚಿತ್ರಗಳಲ್ಲಿ ಅಂಚುಗಳು ಡೊಂಕಾಗಿರುವುದು ಚೆನ್ನಾಗಿ ಕಾಣುತ್ತದೆ. ಒಂಟಿ ಎಂಜಿನ್ ವಿಮಾನಕ್ಕೆ ಪ್ರತಿ ಪಟ್ಟಿ 18 ಇಂಚು ಅಗಲ, ಅಂದರೆ 1:72ರಲ್ಲಿ 6.35 ಮಿ.ಮೀ. ಅಗಲ ಸರಿಯಾಗಿರಲಿ, ಅಂಚು ತುಸು ಡೊಂಕಾದರೆ ಅದು ಸತ್ಯಕ್ಕೇ ಹತ್ತಿರ. ವಿಮಾನವಾಹಕ ನೌಕೆಗಳ ಬೂದು ಬಣ್ಣದ ಜೆಟ್‌ಗಳಲ್ಲೂ ಅಷ್ಟೇ. ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ನೌಕೆಯಲ್ಲೇ ಅಲ್ಲಲ್ಲಿ ಬಣ್ಣದ ತೇಪೆ ಹಾಕುತ್ತಾರೆ, ಮೈಯೆಲ್ಲ ಮಚ್ಚೆ ಮಚ್ಚೆ. ಅಂಥ ವಿಮಾನದಲ್ಲಿ ನಿಮ್ಮ ತೇಪೆಯ ಬಣ್ಣ ಪೂರ್ತಿ ಹೊಂದದಿದ್ದರೂ ಸರಿಯಾಗಿಯೇ ಕಾಣುತ್ತದೆ. ಆದರೆ ನಿಜ ವಿಮಾನದ ಚಿತ್ರ ನೋಡಿ ನಿರ್ಧರಿಸಿ, ಊಹೆಯಿಂದ ಬೇಡ.

ಹಳೇಕಿಟ್

ಇದು ಎಲ್ಲಕ್ಕೂ ಆಗದು ಬೆಳ್ಳಿಮೈ. ತಪ್ಪು ಮುಚ್ಚಲು ಕೊಳೆ, ಹೊಗೆ, ಚಕ್ಕೆ ಎದ್ದ ಬಣ್ಣ ಅಂತ ಮಾಡುತ್ತಾ ಹೋದರೆ ಎಲ್ಲ ವಿಮಾನಗಳೂ ಒಂದೇ ಥರ ಗುಜರಿಯಾಗಿ ಕಾಣುತ್ತವೆ. ಬೆರಳಚ್ಚು, ಧೂಳು, ಕೂದಲು ಇವಕ್ಕೆ ನಿಜ ವಿಮಾನದಲ್ಲಿ ಸಮರ್ಥನೆಯೇ ಇಲ್ಲ. ಅವನ್ನು ತೆಗೆಯಲೇಬೇಕು.

ಬೆಳ್ಳಿಮೈ

ಒಪ್ಪಿದೆ ಸರ್. ನಾನು ಕಟ್ಟುವುದು ಹೆಚ್ಚಾಗಿ ಬಣ್ಣವಿಲ್ಲದ ಲೋಹದ ಮೈಯ ವಿಮಾನಗಳು, ಅಲ್ಲಿ ಮುಚ್ಚಲು ಜಾಗವೇ ಇಲ್ಲ. ಹೊಳೆಯುವ ಕಪ್ಪು ಬೇಸ್ ಮೇಲೆ ಅಲ್ಯುಮಿನಿಯಂ ಬಣ್ಣ ಹೊಡೆದರೆ 1000 ಕಾಗದದ ಗೀರೂ ಎದ್ದು ಕಾಣುತ್ತದೆ. ಹಾಗಾಗಿ ಕಪ್ಪು ಬೇಸ್‌ನಲ್ಲೇ ನಿಂತು ನೋಡಿ. ಕಪ್ಪಿನಲ್ಲಿ ದೀಪದ ಪ್ರತಿಬಿಂಬ ನೇರವಾಗಿ ಕಂಡರೆ ಮುಂದುವರಿಯಿರಿ, ನಡುಗಿದರೆ ಅಲ್ಲೇ ಉಜ್ಜಿ. ಬೆಳ್ಳಿ ಬಿದ್ದ ಮೇಲೆ ಸಣ್ಣ ತೇಪೆ ಹಾಕುವ ಆಸೆ ಬೇಡ, ಆ ಪ್ಯಾನೆಲ್ ಪೂರ್ತಿ ಮರೆಮಾಡಿ ಮತ್ತೆ ಹೊಡೆಯಬೇಕು.

ಪಿ-51 ಮಸ್ಟಾಂಗ್ ಕಟ್ಟುವವರಿಗೆ ಒಂದು ಮಾತು. ಅದರ ಒಡಲು ಬರೀ ಲೋಹ, ರೆಕ್ಕೆ ಹಾಗಲ್ಲ. ಗಾಳಿ ನುಣ್ಣಗೆ ಹರಿಯಲೆಂದು ಕಾರ್ಖಾನೆಯಲ್ಲೇ ರೆಕ್ಕೆಯ ಬಹುಭಾಗದ ಗೆರೆ, ರಿವೆಟ್‌ಗಳಿಗೆ ಪುಟ್ಟಿ ತುಂಬಿ ಬೆಳ್ಳಿ ಬಣ್ಣ ಬಳಿಯುತ್ತಿದ್ದರು. ಉಜ್ಜುವಾಗ ರೆಕ್ಕೆಯ ಗೆರೆಗಳು ಅಳಿಸಿಹೋದವು ಅಂತ ಕೊರಗುವವರನ್ನು ನೋಡಿದ್ದೇನೆ. ಅವು ಇರಬಾರದ ಗೆರೆಗಳೇ, ಹಾಗೇ ಬಿಡಿ.

ಅಡ್ಡಗಾಳಿ

ಒಡಲಿನ ಎರಡು ಭಾಗ ಸೇರಿಸಿದ ಗೆರೆ ಪ್ರೈಮರ್ ಹೊಡೆದಾಗ ಕಾಣಲಿಲ್ಲ, ಬಣ್ಣ ಬಿದ್ದು ಒಂದು ವಾರವಾದ ಮೇಲೆ ಮತ್ತೆ ಎದ್ದಿದೆ. ಇದು ಹೇಗೆ?

ಹಳೇಕಿಟ್

ಟ್ಯೂಬಿನ ಪುಟ್ಟಿ ಬಳಸಿದ್ದಿರಾ? ಅದರಲ್ಲಿ ದ್ರಾವಕ ಇರುತ್ತದೆ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಇನ್ನೂ ಆವಿಯಾಗುತ್ತಲೇ ಇದ್ದು ಕುಗ್ಗುತ್ತದೆ. ಅಂಟಿನಿಂದ ಮೆತ್ತಗಾದ ಪ್ಲಾಸ್ಟಿಕ್ಕೂ ಹಾಗೇ ಕುಗ್ಗುತ್ತದೆ. ಕೀಲಿನ ಗೆರೆಗೆ ನಾನು ಸೂಪರ್‌ಗ್ಲೂವನ್ನೇ ತುಂಬುತ್ತೇನೆ, ಅದು ಕುಗ್ಗುವುದಿಲ್ಲ. ಆದರೆ ಗಟ್ಟಿಯಾದ ಒಂದು ಗಂಟೆಯೊಳಗೆ ಉಜ್ಜಿಬಿಡಬೇಕು. ಮಾರನೇ ದಿನಕ್ಕೆ ಅದು ಪ್ಲಾಸ್ಟಿಕ್‌ಗಿಂತ ಗಟ್ಟಿ. ಆಗ ಉಜ್ಜಿದರೆ ಅಕ್ಕಪಕ್ಕದ ಪ್ಲಾಸ್ಟಿಕ್ ತಗ್ಗಾಗಿ ಸೂಪರ್‌ಗ್ಲೂ ದಿಬ್ಬವಾಗಿ ನಿಲ್ಲುತ್ತದೆ. ಪ್ಲಾಸ್ಟಿಕ್ ಕರಗಿಸಿ ಸೇರಿಸುವ ತೆಳು ಅಂಟು ಬೆರಳ ಕೆಳಗೆ ಹರಿದು ಬೆರಳಚ್ಚು ಮೂಡಿದ್ದರೆ ನಿಯಮ ಇದರ ಉಲ್ಟಾ, ಅವಸರ ಬೇಡ. ಮೆತ್ತಗಾದ ಪ್ಲಾಸ್ಟಿಕ್ ಒರೆಸಬೇಡಿ. ಕೆಲವು ದಿನ ಬಿಟ್ಟು ಗಟ್ಟಿಯಾದ ಮೇಲೆ 600ರಿಂದ ಉಜ್ಜುತ್ತಾ ಬನ್ನಿ, ಅಳಿಸಿದ ಗೆರೆಯನ್ನು ದಪ್ಪ ಲೇಬಲ್ ಟೇಪಿನ ಅಂಚಿನ ಆಸರೆಯಲ್ಲಿ ಮತ್ತೆ ಕೊರೆಯಿರಿ. ಮೊದಲ ಎರಡು ಮೂರು ಎಳೆತ ಬರೀ ಉಪಕರಣದ ಭಾರದಲ್ಲಿ, ಒತ್ತದೆ.

ಕಾಕ್‌ಪಿಟ್‌ಕಿಟಕಿ

ಇಷ್ಟೆಲ್ಲ ಬದಲು ಬಣ್ಣ ಪೂರ್ತಿ ತೆಗೆದು ಹೊಸದಾಗಿ ಹೊಡೆಯುವುದು ಸುಲಭ ಅಲ್ಲವಾ? ಓವನ್ ಕ್ಲೀನರ್ ಹಾಕಿದರೆ ಎಲ್ಲ ಹೋಗುತ್ತದೆ ಅನ್ನುತ್ತಾರೆ.

ಮೂರನೇಕೋಟ್

ಕೆಲವೊಮ್ಮೆ ಸುಲಭವೇ. ಬಿರುಕು ಬಿಟ್ಟ ಬಣ್ಣಕ್ಕೆ ಬೇರೆ ದಾರಿಯೇ ಇಲ್ಲ. ಆದರೆ ಬಗೆಗೆ ತಕ್ಕ ದ್ರವ ಬಳಸಿ. ಅಕ್ರಿಲಿಕ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಹೊಸ ಎನಾಮಲ್‌ಗೆ ವೈಟ್ ಸ್ಪಿರಿಟ್. ಆದರೆ ಅದರಲ್ಲಿ ಮಾಡೆಲ್ ನೆನೆಹಾಕಬೇಡಿ, ಕೀಲುಗಳಲ್ಲಿ ನಿಂತು ಪ್ಲಾಸ್ಟಿಕ್ಕನ್ನು ಪೆಡಸು ಮಾಡುತ್ತದೆ. ಎನಾಮಲ್ ವಾಶ್ (ಗೆರೆಗಳಿಗೆ ಹರಿಬಿಡುವ ನೀರುನೀರಾದ ಬಣ್ಣ) ಧಾರಾಳವಾಗಿ ಹಚ್ಚಿದಾಗ ರೆಕ್ಕೆ ಬುಡ ಬಿರುಕು ಬಿಡುವುದು ಇದರಿಂದಲೇ. ಓವನ್ ಕ್ಲೀನರ್‌ನಲ್ಲಿರುವ ಕಾಸ್ಟಿಕ್ ಸೋಡಾ ಮಾಡೆಲ್‌ನ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನನ್ನು ಏನೂ ಮಾಡುವುದಿಲ್ಲ, ನಿಮ್ಮ ಕಣ್ಣು-ಚರ್ಮವನ್ನು ಸುಡುತ್ತದೆ. ಗ್ಲೌಸ್, ಕನ್ನಡಕ ಇಲ್ಲದೆ ಮುಟ್ಟಬೇಡಿ. ಕ್ರೋಮ್ ಲೇಪ ತೆಗೆಯಲು ಬ್ಲೀಚ್ ಬಳಸುವವರು ಅದರ ಹತ್ತಿರ ಅಮೋನಿಯಾ ದ್ರವ ತರಲೇಬಾರದು, ಎರಡೂ ಸೇರಿದರೆ ವಿಷಾನಿಲ ಏಳುತ್ತದೆ. ಲ್ಯಾಕರ್ ಹೊಡೆಯುವಾಗ ಬಟ್ಟೆಯ ಮಾಸ್ಕ್ ಸಾಲದು, ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಮಾಡೆಲ್ ಮತ್ತೆ ಕಟ್ಟಬಹುದು, ಶ್ವಾಸಕೋಶ ಕಟ್ಟಲಾಗದು.

ರೆಕ್ಕೆಮರಿ

ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ. ಮಳೆ ಬಿಟ್ಟು ಬಿಸಿಲು ಬರುವ ತನಕ ಕಾದೆ. ಅಡಿಭಾಗದಲ್ಲಿ ಪರೀಕ್ಷೆ ಮಾಡಿ, ರೌಂಡಲ್ ಮರೆಮಾಡಿ ಥಿನ್ನರ್ ಹಾಯಿಸಿದೆ. ಬಿಳಿ ಕಣ್ಣೆದುರೇ ಕರಗಿ ಹಸಿರು ಮೇಲೆ ಬಂತು! ರೌಂಡಲ್ ಮೇಲೆ ತೆಳುವಾಗಿ ಉಳಿದದ್ದಕ್ಕೆ ಅಕ್ರಿಲಿಕ್ ಗ್ಲಾಸ್ ಹೊಡೆದೆ, ಮುಕ್ಕಾಲು ಪಾಲು ಹೋಯಿತು. ಕೆಂಪಿನ ಮೇಲೆ ಇನ್ನೂ ತುಸು ಮಬ್ಬಿದೆ, ನೀಲಿಯಲ್ಲಿ ಕಾಣುವುದಿಲ್ಲ. ಅಕ್ಷರಗಳಿಗೆ ಮೂರು ರಾತ್ರಿ ಚುಚ್ಚಿ ಸಾಲ್ ಹಚ್ಚಿದ ಮೇಲೆ ಬೆಳ್ಳಿ ಹೊಳಪು ಹೋಗಿದೆ, ಒಂದು ಅಕ್ಷರದ ಮೂಲೆ ಬಿಟ್ಟು. ಆ ಮೂಲೆಗೆ ಬೆಳ್ಳಿಮೈ ಅವರು ಹೇಳಿದ ಹಾಗೆ ತೆಳು ಬಣ್ಣ ಮುಟ್ಟಿಸಬೇಕೆಂದಿದ್ದೇನೆ. ಮತ್ತೆ ಮ್ಯಾಟ್ ಯಾವಾಗ ಹೊಡೆಯಲಿ?

ನೀರುಡೆಕಾಲ್

ತುಂಬಾ ಸಂತೋಷವಾಯಿತು! ಸಾಫ್ಟ್ನರ್ ಒಣಗಿದ ಮೇಲೆ ಅದರ ಕಲೆ ಉಳಿದಿರುತ್ತದೆ, ಒದ್ದೆ ಇಯರ್‌ಬಡ್‌ನಲ್ಲಿ ಮೊದಲು ಒರೆಸಿ. ಚುಚ್ಚಿದ ತೂತುಗಳ ಮೇಲೆ ಗ್ಲಾಸ್ ಒಂದು ಕೋಟ್ ಬೀಳಲಿ, ಎರಡು ದಿನ ಬಿಡಿ. ಮ್ಯಾಟ್ ಒಣ ಹವೆಯಲ್ಲೇ ಹೊಡೆಯಿರಿ. ಕ್ಯಾನನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಚೆನ್ನಾಗಿ ಅಲುಗಾಡಿಸಿ. ಕುದಿನೀರು ಬೇಡ, ಕ್ಯಾನ್ ಸಿಡಿಯಬಹುದು. ಮೊದಲ ಹೊಡೆತ ಒಂದು ಹಳೆಯ ಪ್ಲಾಸ್ಟಿಕ್ ತುಂಡಿನ ಮೇಲೆ, ಅದು ಆರಿ ಬೆಳ್ಳಗಾಗದಿದ್ದರೆ ಮಾತ್ರ ಮಾಡೆಲ್ ಮೇಲೆ.

ಅಡ್ಡಗಾಳಿ

ಡೆಕಾಲ್ ಮಾತು ಬಂತಲ್ಲ ಮೇಡಂ, ಹಳೆಯ ಕಿಟ್ ಒಂದರಲ್ಲಿ ಡೆಕಾಲ್ ಹಾಳೆ ಹಳದಿಯಾಗಿದೆ. ಬಿಳಿ ಅಕ್ಷರಗಳು ಬಳಸುವ ಹಾಗೇ ಇಲ್ಲ.

ನೀರುಡೆಕಾಲ್

ಹಾಳೆಯನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಮುಖ ಹೊರಗಾಗಿ ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಅಂಟಿಸಿ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಹಳದಿ ನಿಧಾನವಾಗಿ ಬಿಡುತ್ತದೆ. ಕೆಲವು ದಿನ ಸಾಕಾಗಬಹುದು, ಕೆಲವು ಹಾಳೆಗೆ ವಾರಗಳೇ ಬೇಕು. ದಿನಾ ಒಮ್ಮೆ ನೋಡುತ್ತಿರಿ, ಕೆಂಪು ಮಾಸಲು ಶುರುವಾದರೆ ತೆಗೆದುಬಿಡಿ. ಅಷ್ಟು ಹಳೆಯ ಡೆಕಾಲ್ ನೀರಿನಲ್ಲಿ ಚೂರಾಗುವ ಸಾಧ್ಯತೆಯೂ ಇದೆ. ಬೇಡದ ಒಂದು ಸ್ಟೆನ್ಸಿಲ್ ಮೊದಲು ನೀರಿಗೆ ಹಾಕಿ ನೋಡಿ. ಒಡೆದರೆ ಹಾಳೆಗೆಲ್ಲ ಲಿಕ್ವಿಡ್ ಡೆಕಾಲ್ ಫಿಲ್ಮ್ ಹಚ್ಚಿ ಒಣಗಿಸಿ. ಆಗ ಫಿಲ್ಮ್ ಹಾಳೆಯುದ್ದಕ್ಕೂ ಒಂದೇ ಆಗಿರುತ್ತದೆ, ಹಾಗಾಗಿ ಪ್ರತಿ ಡೆಕಾಲನ್ನೂ ಅದರ ಅಂಚಿಗೆ ಹತ್ತಿರವಾಗಿ ಕತ್ತರಿಸಿಕೊಳ್ಳಬೇಕು.